ಪದಚರ್ಚೆ: ಬಾಯಿಗೆ ‘ಖಬರ್’ ಬರುವುದು, ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಬಾಯಿ, ಗಂಟಲಿನ ಕ್ಯಾನ್ಸರ್ ಆಪರೇಶನ್ ಆದವರು ಮನೆಗೆ ಹೊರಟಾಗ ಕೈಗೆ ಕೊಡುವ ಒಂದು ಹಾಳೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ಬಾಗಲಕೋಟೆ, ವಿಜಯಪುರ ಕಡೆಯವರೇ ಜಾಸ್ತಿ. ‘ಸೆನ್ಸೇಶನ್’ (ಮುಟ್ಟಿದ್ದು, ಬಿಸಿ-ತಂಪು ಗೊತ್ತಾಗುವುದು) ಅನ್ನುವ ಪದಕ್ಕೆ ಕನ್ನಡ ಸಿಗದೆ ನಿಂತಿದ್ದೇನೆ.

ನಾಲಿಗೆಯ ಒಂದು ಭಾಗ ತೆಗೆದರೆ, ಆ ಜಾಗಕ್ಕೆ ಮುಂಗೈ ಅಥವಾ ತೊಡೆಯ ಚರ್ಮವನ್ನು ರಕ್ತನಾಳ ಸಮೇತ ತಂದು ಹೊಲಿಯುತ್ತಾರೆ. ಡಾಕ್ಟರು ಫ್ಲ್ಯಾಪ್ ಅಂತಾರೆ, ಜನ ತ್ಯಾಪಿ ಅಂತಾರೆ. ನಾನೂ ತ್ಯಾಪಿಯನ್ನೇ ಉಳಿಸಿಕೊಂಡೆ. ಅದಕ್ಕೆ ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಮುಂಗೈ ಚರ್ಮದ ನರವನ್ನು ನಾಲಿಗೆಯ ನರಕ್ಕೆ ಜೋಡಿಸುತ್ತಾರೆ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಹಾಗಾಗಿ ತಿಂಗಳುಗಟ್ಟಲೆ ಕಾಯಬೇಕು. ಜೋಡಿಸದಿದ್ದರೂ ಎಷ್ಟೋ ಜನರಿಗೆ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಏನು ಬರುತ್ತದೆ? ಅದಕ್ಕೇ ಪದ ಬೇಕಾಗಿದೆ.

‘ಸಂವೇದನೆ’ ಅಂತ ಬರೆದು ಒಬ್ಬ ಹಿರಿಯರಿಗೆ ಓದಿದೆ. ಅವರಿಗೂ ಇದೇ ಆಪರೇಶನ್ ಆಗಿದೆ. “ಸಂವೇದನೆ ಐತೇನ್ರಿ?” ಅಂದರೆ, “ಏನಿಲ್ರಿ, ಬ್ಯಾನಿ ಪೂರಾ ಕಡಿಮಿ ಆಗೇತಿ” ಅಂದರು. ಅವರಿಗೆ ಕೇಳಿಸಿದ್ದು ‘ವೇದನೆ’. ಆಸ್ಪತ್ರೆಯಲ್ಲಿ ಹೀಗೆ ಉತ್ತರ ಕೊಟ್ಟರೆ ಕೇಸ್ ಪೇಪರಿನಲ್ಲಿ ಏನು ಬರೆದುಕೊಳ್ಳಬಹುದು ನೋಡಿ! ಆಮೇಲೆ ಊಟದ ಮಾತು ಬಂದಾಗ ಅವರೇ ಹೇಳಿದರು: “ಮೊದಲ ದವಡ್ಯಾಗ ರೊಟ್ಟಿ ಚೂರು ಉಳದ್ರ ಖಬರೇ ಇರ್ತಿರಲಿಲ್ಲ. ಕನ್ನಡಿ ಹಿಡದು ನೋಡಬೇಕಿತ್ತು. ಈಗ ಒಂಚೂರು ಖಬರ್ ಆಗತೈತಿ.”

ನನಗೆ ಇದೇ ಸರಿ ಅನ್ನಿಸುತ್ತದೆ. ಆದರೆ ಮೈಸೂರು, ಮಂಗಳೂರಿನವರಿಗೆ ‘ಖಬರ್’ ಬರೀ ಸುದ್ದಿ ಆಗಿಬಿಡುತ್ತದಾ?

ಇನ್ನೊಂದು. ‘ಮರಗಟ್ಟು’, ‘ಜೋಮು’ ಎರಡನ್ನೂ ನಾವು ಒಂದೇ ಅಂತ ಬಳಸುತ್ತೇವೆ. ಇಲ್ಲಿ ಹಾಗೆ ಮಾಡಿದರೆ ನಡೆಯುವುದಿಲ್ಲ. ಮರಗಟ್ಟಿದ ಜಾಗಕ್ಕೆ ಬಿಸಿ ಚಹಾ ಸುಟ್ಟರೂ ತಿಳಿಯದು. ಅದೇ ಜೋಮು ಹಿಡಿದ ಹಾಗೆ ಜುಮುಜುಮು ಅನ್ನುತ್ತಿದ್ದರೆ ನರ ಚಿಗುರುತ್ತಿರಬಹುದು. ಬೆಳಗಾವಿಯಲ್ಲಿ ಮರಾಠಿ ಮಾತಾಡುವವರು ಮರಗಟ್ಟಿದ್ದಕ್ಕೆ ‘ಬಧೀರ್’ ಅಂತಾರೆ. ಕನ್ನಡದಲ್ಲಿ ಬಧಿರ ಅಂದರೆ ಕಿವುಡ, ಹಾಗಾಗಿ ಅದನ್ನು ಕೈಬಿಟ್ಟೆ.

ರುಚಿಗೆ ‘ಹತ್ತು’ ಸಾಕು: ರುಚಿ ಹತ್ತುವುದು, ಖಾರ ಹತ್ತುವುದು. ಇಲ್ಲೂ ಒಂದು ತಕರಾರಿದೆ. ಖಾರ ರುಚಿಯಲ್ಲ, ಉರಿ. ಅದನ್ನು ತಿಳಿಸುವುದು ನೋವು, ಬಿಸಿ ತಿಳಿಸುವ ನರ. ಕೈಯ ಚರ್ಮದಲ್ಲಿ ರುಚಿಮೊಗ್ಗುಗಳೇ ಇಲ್ಲ, ಹಾಗಾಗಿ ತ್ಯಾಪಿಗೆ ಉಪ್ಪು, ಸಿಹಿ ಎಂದೂ ಹತ್ತುವುದಿಲ್ಲ. ಉಳಿದ ನಾಲಿಗೆಗೆ ಹತ್ತುತ್ತದೆ. (ಕೂದಲಿದ್ದ ಚರ್ಮವಾದರೆ ಬಾಯೊಳಗೂ ಕೂದಲು ಬೆಳೆಯಬಹುದು. ಅದನ್ನು ಹಾಳೆಯಲ್ಲಿ ಮೊದಲೇ ಬರೆದಿದ್ದೇನೆ, ಜನ ಗಾಬರಿ ಆಗ್ತಾರೆ.)

ಮುಟ್ಟಿದ್ದು ಗೊತ್ತಾಗುವುದು, ಬಿಸಿ-ತಂಪು ಗೊತ್ತಾಗುವುದು, ಎರಡಕ್ಕೂ ‘ಖಬರ್’ ಹೊಂದುತ್ತದಾ? ಹಾವೇರಿ, ಕಲಬುರಗಿ ಕಡೆ ಬೇರೆ ಮಾತಿದ್ದರೆ ವಾಕ್ಯ ಸಮೇತ ಬರೆಯಿರಿ, ಸುಮ್ನೆ ಪದ ಕೊಟ್ಟರೆ ಸಾಲದು.