ಎರಡು ವರ್ಷವಾದರೂ ಮಾತು ಬಂದಿಲ್ಲ, ಕಾಯಬೇಕೆ?

ಪ್ರಶ್ನೆ: ಅಂಗನವಾಡಿ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ನಮ್ಮ ಕಡೆಯ ತಂದೆತಾಯಿಯರಲ್ಲಿ ಹೆಚ್ಚಿನವರು ಕಟ್ಟಡ ಕೆಲಸದ ಕೂಲಿಕಾರರು. ತೂಕ ಹಾಕಿಸಲು ಬರುವ ಮಗುವೊಂದಕ್ಕೆ ಎರಡು ವರ್ಷ ತುಂಬಿದೆ, ಇನ್ನೂ ಒಂದು ಪದವನ್ನೂ ಆಡುವುದಿಲ್ಲ. "ಅವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು" ಎನ್ನುತ್ತಾರೆ ಮನೆಯವರು. ಏನು ಮಾಡಲಿ?

ಹಿರಿಯ ಅಂಗನವಾಡಿ ಕಾರ್ಯಕರ್ತೆ:
ಕಾಯಬೇಡ ತಂಗಿ. ಮೊದಲು ಕಿವಿ ಪರೀಕ್ಷೆ ಮಾಡಿಸು. "ಮಗು ಚೆನ್ನಾಗಿದೆಯೇ?" ಎಂದು ಕೇಳಿದರೆ ಯಾವ ತಾಯಿಯೂ ಇಲ್ಲ ಎನ್ನುವುದಿಲ್ಲ. ನೀರು ಬೇಕಾದಾಗ ಏನು ಮಾಡುತ್ತದೆ ಎಂದು ಕೇಳು. ಬಿಂದಿಗೆಯ ಕಡೆ ಬೆರಳು ತೋರಿಸುತ್ತದೆಯೋ, ಅಮ್ಮನ ಕೈ ಹಿಡಿದು ಎಳೆದೊಯ್ಯುತ್ತದೆಯೋ, ಸುಮ್ಮನೆ ಅಳುತ್ತದೆಯೋ? ಬೆರಳು ತೋರಿಸಿ, ತಿರುಗಿ ಅಮ್ಮನ ಮುಖ ನೋಡುವ ಮಗುವಿಗೂ ಹಾಗೆ ನೋಡದ ಮಗುವಿಗೂ ಬಹಳ ವ್ಯತ್ಯಾಸವಿದೆ.

ನಮ್ಮ ಕೇಂದ್ರದಲ್ಲಿ ಒಮ್ಮೆ ಸ್ಟೀಲ್ ತಟ್ಟೆಗಳ ಅಡಕಲು ಧಡಾರನೆ ಉರುಳಿತು. ಮಕ್ಕಳೆಲ್ಲ ಬೆಚ್ಚಿಬಿದ್ದರು. ಒಬ್ಬ ಹುಡುಗ ಮಾತ್ರ ತಲೆ ಎತ್ತದೆ ಮೊಟ್ಟೆ ಸುಲಿಯುತ್ತಲೇ ಇದ್ದ. "ಕಿವಿ ಕೇಳಿಸುತ್ತದೆ, ನಾನು ಬಾಗಿಲು ತೆರೆದರೆ ತಿರುಗಿ ನೋಡುತ್ತಾನೆ" ಎಂದಳು ತಾಯಿ. ಕಿಟಕಿಯಿಲ್ಲದ ಶೆಡ್ಡು ಅದು. ಅವನು ತಿರುಗುತ್ತಿದ್ದುದು ಒಳಗೆ ಬೀಳುವ ಬೆಳಕಿಗೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳುಹಿಸಿದೆವು, ಶ್ರವಣ ಸಾಧನ ಸಿಕ್ಕಿತು. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾ ವರ್ಷ ಕಳೆಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್:
ತಾಯಿ ಕಾರ್ಡ್‌ನಲ್ಲಿ ಬೆಳವಣಿಗೆಯ ಹಂತಗಳ ಪುಟವಿರುತ್ತದೆ, ಅದನ್ನು ತಾಯಿಯ ಜೊತೆ ಕೂತು ಓದಿ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಎರಡು ವರ್ಷ ತುಂಬುವವರೆಗೆ ಲೆಕ್ಕವನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಹಿಡಿಯಿರಿ. ಬರುತ್ತಿದ್ದ ಮಾತು, ಆಟ ನಿಂತುಹೋದರಂತೂ ವಯಸ್ಸು ಎಷ್ಟೇ ಇರಲಿ, ತಕ್ಷಣ ಕರೆತನ್ನಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಆ ದಿನ ಈ ಮಗು ತಪ್ಪದೆ ಇರುವಂತೆ ನೋಡಿಕೊಳ್ಳಿ. ಆದರೆ ಭೇಟಿ ದೂರವಿದ್ದರೆ ಅಲ್ಲಿಯವರೆಗೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಕಳುಹಿಸಿ. ಮುಂದಿನ ತಪಾಸಣೆ, ತರಬೇತಿಗೆ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ (ಬೆಳವಣಿಗೆ ತಡವಾದ ಮಕ್ಕಳಿಗೆ ಬೇಗನೆ ನೆರವು ಕೊಡುವ ಕೇಂದ್ರಗಳು), ಅಲ್ಲಿ ಚಿಕಿತ್ಸೆ ಉಚಿತ.

ಒಬ್ಬ ತಾಯಿ:
ಟೀಚರ್, ನಾನು ಗಾರ್ಮೆಂಟ್ಸ್ ಕೆಲಸದವಳು. ಮಗಳು ಹೆಸರು ಕರೆದರೂ ತಿರುಗುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಆದರೆ ಒಂದು ದಿನ ರಜೆ ಹಾಕಿದರೆ ಕೂಲಿಯ ಜೊತೆಗೆ ಹಾಜರಿ ಬೋನಸ್ಸೂ ಹೋಗುತ್ತದೆ. "ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಚೀಟಿ ಬರೆದುಕೊಟ್ಟವರು ಅನೇಕರು. ನಮ್ಮ ಆಶಾ ಅಕ್ಕ ಮಾತ್ರ ಮುಂಚೆಯೇ ಫೋನ್ ಮಾಡಿ, ಕಿವಿ ಪರೀಕ್ಷೆಯೂ ಮಕ್ಕಳ ವೈದ್ಯರ ಭೇಟಿಯೂ ಒಂದೇ ದಿನ ಆಗುವಂತೆ ಮಾಡಿಸಿ, ಜೊತೆಗೇ ಬಂದರು. ನಮ್ಮತ್ತೆಯನ್ನೂ ಕರೆದುಕೊಂಡು ಬಂದರು. ವೈದ್ಯರ ಮಾತನ್ನು ಅತ್ತೆ ತಾವೇ ಕೇಳಿಸಿಕೊಂಡ ಮೇಲೆ ಮನೆಯಲ್ಲಿ ಜಗಳ ನಿಂತಿತು. ನೀವೂ ಆ ಮಗುವಿನ ತಾಯಿಯನ್ನು ಮೊದಲು ಕೇಳಿ: ಯಾವ ದಿನ ಬಿಡುವು ಸಿಗುತ್ತದೆ, ಜೊತೆಗೆ ಯಾರು ಬರುತ್ತಾರೆ ಎಂದು.