ಟ್ಯಾಕ್ಸೇ ಕಟ್ಟದವರಿಗೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ನಿಂದ ಏನು ಸಿಗುತ್ತೆ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಗೆಳತಿ ಒಬ್ಬಳೇ ಎರಡು ಚಿಕ್ಕ ಮಕ್ಕಳನ್ನು ಸಾಕುತ್ತಿದ್ದಾಳೆ. ಅಂಗಡಿಯಲ್ಲಿ ಕೆಲಸ, ವರ್ಷಕ್ಕೆ ಸುಮಾರು 20,000 ಡಾಲರ್ ಸಂಬಳ. "ನನಗೆ ಟ್ಯಾಕ್ಸೇ ಬೀಳಲ್ಲ, ಸುಮ್ನೆ ರಿಟರ್ನ್ ಯಾಕೆ ಹಾಕಲಿ?" ಅಂತಾಳೆ. ಊಟದ ಸಾಮಾನಿಗೆ ಸರ್ಕಾರ ಕೊಡೋ ಫುಡ್ ಸ್ಟ್ಯಾಂಪ್ ನೆರವು ನಿಂತುಹೋಗುತ್ತೆ ಅನ್ನೋ ಭಯ ಬೇರೆ. ಅನುಭವ ಇದ್ದವರು ಹೇಳಿ.

ಉತ್ತರ: ಹಾಕಲೇಬೇಕು ಅಂತ ಹೇಳಿ. ಬಡ ಕುಟುಂಬಗಳಿಗೆ ಉಚಿತವಾಗಿ ರಿಟರ್ನ್ ತುಂಬಿಕೊಡುವ ವೀಟಾ ಕೇಂದ್ರದಲ್ಲಿ ನಾನು ಸ್ವಯಂಸೇವಕಿ. ಅಲ್ಲಿ ಜಾಸ್ತಿ ಕೇಳಿಬರುವುದು ನಿಮ್ಮ ಗೆಳತಿಯ ಈ ಮಾತೇ. ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಅಂದರೆ ಮಕ್ಕಳಿರುವವರಿಗೆ ಟ್ಯಾಕ್ಸ್‌ನಲ್ಲಿ ಕೊಡುವ ಕಡಿತ. 2025ರ ರಿಟರ್ನ್‌ಗೆ ಒಂದು ಮಗುವಿಗೆ 2,200 ಡಾಲರ್‌ವರೆಗೆ ಇದೆ. ಟ್ಯಾಕ್ಸ್ ಏನೂ ಬೀಳದಿದ್ದರೂ ಮಗುವಿಗೆ 1,700ರವರೆಗೆ ಕೈಗೆ ಬರಬಹುದು. ಎಷ್ಟು ಬರುತ್ತದೆ ಎನ್ನುವುದು ದುಡಿಮೆಯ ಮೇಲೆ ನಿಂತಿದೆ. ಸಂಬಳದಲ್ಲಿ 2,500 ಕಳೆದು, ಉಳಿದದ್ದರಲ್ಲಿ ಶೇ 15. ನಿಮ್ಮ ಗೆಳತಿಗೆ 2,625 ಡಾಲರ್ ಆಯಿತು. ಅಂದರೆ ಕಡಿಮೆ ದುಡಿದವರಿಗೆ ಕಡಿಮೆ! ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಕೊಡುವ ಲೆಕ್ಕ ಇದು, ನನಗಂತೂ ಹಿಡಿಸುವುದಿಲ್ಲ. ಮಕ್ಕಳಿಗೆ ವರ್ಷದ ಕೊನೆಗೆ 17 ತುಂಬಿರಬಾರದು. ಮಕ್ಕಳಿಗೂ ತಾಯಿಗೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕು. ದುಡಿಯುವ ಬಡವರಿಗೆ ಸಿಗುವ ಅರ್ನ್ಡ್ ಇನ್ಕಮ್ ಕ್ರೆಡಿಟ್ ಇದರ ಜೊತೆಗೆ ಬೇರೆಯಾಗಿ ಬರುತ್ತದೆ, ಅದನ್ನೂ ಬಿಡಬೇಡಿ. ಹಿಂದೆ ರಿಟರ್ನ್ ಹಾಕಿಲ್ಲದಿದ್ದರೆ, ಮೂರು ವರ್ಷದೊಳಗಿನದನ್ನು ಈಗಲೂ ಹಾಕಿ ರಿಫಂಡ್ ಕೇಳಬಹುದು.

ಇನ್ನೊಬ್ಬರು: ದುಡಿಮೆ ನೋಡಿ ಕೊಡುವ ಈ ನಿಯಮವನ್ನೇ 2021ರಲ್ಲಿ ಸಡಿಲಿಸಿದ್ದರು. 6 ವರ್ಷದೊಳಗಿನ ಮಗುವಿಗೆ 3,600, ಅದಕ್ಕಿಂತ ದೊಡ್ಡ ಮಕ್ಕಳಿಗೆ 3,000. ದುಡಿಮೆ ಇಲ್ಲದವರಿಗೂ ಪೂರ್ತಿ. ಅದರಲ್ಲಿ ಅರ್ಧ ಹಣ ಜುಲೈಯಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳು ಖಾತೆಗೆ ಬಿತ್ತು. ನಮ್ಮ ಮನೆಯಲ್ಲಿ ಆ ದುಡ್ಡು ನೇರ ಬಾಡಿಗೆಗೆ ಹೋಗುತ್ತಿತ್ತು, ತಿಂಗಳ ಕೊನೆಗೆ ಸಾಲ ಕೇಳುವುದು ತಪ್ಪಿತ್ತು. ದೇಶದ ಅಂಕಿಯೂ ಅದನ್ನೇ ಹೇಳುತ್ತದೆ. ಸರ್ಕಾರದ ನೆರವನ್ನೂ ಸೇರಿಸಿ ಅಳೆಯುವ ಮಕ್ಕಳ ಬಡತನ 2020ರಲ್ಲಿ ಶೇ 9.7 ಇದ್ದದ್ದು 2021ರಲ್ಲಿ ಶೇ 5.2ಕ್ಕೆ ಇಳಿಯಿತು. ಯೋಜನೆ ಮುಂದುವರಿಸಲಿಲ್ಲ, 2022ರಲ್ಲಿ ಶೇ 12.4. ಕೋವಿಡ್ ಪರಿಹಾರದ ಚೆಕ್‌ಗಳೂ ನಿಂತಿದ್ದವು, ಅದೂ ಒಂದು ಕಾರಣ ಅನ್ನಿ. ಈಗ ಬರುವುದು ವರ್ಷಕ್ಕೊಮ್ಮೆ, ಒಟ್ಟಿಗೆ. ನಾವು ಮೊದಲು ಜಾಸ್ತಿ ಬಡ್ಡಿಯ ಸಾಲ ತೀರಿಸುತ್ತೇವೆ, ಉಳಿದದ್ದು ಬಾಡಿಗೆಗೆ ಅಂತ ಎತ್ತಿಡುತ್ತೇವೆ.

ಮತ್ತೊಬ್ಬರು: ಫುಡ್ ಸ್ಟ್ಯಾಂಪ್ ಭಯ ಬೇಡ. ಈ ರಿಫಂಡ್ ಅಲ್ಲಿ ಆದಾಯದ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿನಲ್ಲಿ ಇಟ್ಟರೂ 12 ತಿಂಗಳು ಆಸ್ತಿ ಅಂತ ಎಣಿಸುವುದಿಲ್ಲ. ಜನವರಿಯಲ್ಲೇ ಹಾಕಿದರೂ ಇಂಥ ರಿಫಂಡ್ ಫೆಬ್ರವರಿ ಮಧ್ಯದ ಮೊದಲು ಬಿಡುಗಡೆ ಆಗಲ್ಲ. ಆ ಗ್ಯಾಪ್‌ನಲ್ಲೇ "ಇವತ್ತೇ ದುಡ್ಡು ಕೊಡ್ತೀವಿ" ಅಂತ ಫೀಸ್ ತಗೊಂಡು ರಿಟರ್ನ್ ತುಂಬುವ ಕೆಲವರು ಕರೆಯುತ್ತಾರೆ. ಹಾಗೆ ಹೋದ ನಮ್ಮ ಪರಿಚಯದವರೊಬ್ಬರ ರಿಫಂಡ್‌ನಿಂದ ದೊಡ್ಡ ಫೀಸ್ ಮುರಿದುಕೊಂಡರು. ವೀಟಾದಲ್ಲಿ ಮೊದಲೇ ಅಪಾಯಿಂಟ್‌ಮೆಂಟ್ ತಗೊಳ್ಳಲಿ, ಫೆಬ್ರವರಿಯಲ್ಲಿ ಸಿಗೋದು ಕಷ್ಟ.