ಸುಪ್ರೀಂ ಕೋರ್ಟ್ ಜಡ್ಜ್‌ಗಳನ್ನು ಜನರೇ ಮನೆಗೆ ಕಳಿಸಬಹುದಾ?

ಪ್ರಶ್ನೆ: ನಮ್ಮಲ್ಲಿ ಕೊಲಿಜಿಯಂ, ಅಂದರೆ ಹಿರಿಯ ಜಡ್ಜ್‌ಗಳ ಕೂಟ, ಆರಿಸುತ್ತದೆ, 65ಕ್ಕೆ ನಿವೃತ್ತಿ. ಅಮೆರಿಕದಲ್ಲಿ ಬೇಕಿದ್ದರೆ ಸಾಯುವವರೆಗೂ ಕುರ್ಚಿ. ಜನರನ್ನು ಕೇಳುವ ದೇಶ ಒಂದಾದರೂ ಇದೆಯಾ?

ಉತ್ತರ 1: ಜಪಾನ್ ಇದೆಯಲ್ಲ. 15 ಜಡ್ಜ್‌ಗಳು, ಆರಿಸೋದು ಸರ್ಕಾರವೇ. ಆದರೆ ನೇಮಕದ ನಂತರ ಬರುವ ಮೊದಲ ಕೆಳಮನೆ ಚುನಾವಣೆಯ ದಿನ ಅವರ ಹೆಸರಿರುವ ಇನ್ನೊಂದು ಚೀಟಿಯನ್ನೂ ಮತದಾರರ ಕೈಗೆ ಕೊಡುತ್ತಾರೆ, ಬೇಡ ಅನಿಸಿದವರ ಹೆಸರಿನ ಮೇಲಿನ ಚೌಕದಲ್ಲಿ ಇಂಟು ಗುರುತು ಹಾಕಬೇಕು, ಖಾಲಿ ಬಿಟ್ಟರೆ ಇರಲಿ ಅಂತಲೇ ಲೆಕ್ಕ.

ಉತ್ತರ 2: ಖಾಲಿ ಬಿಟ್ಟರೂ ಒಪ್ಪಿಗೆ, ಒಳ್ಳೆ ಆಟ ಅಲ್ವಾ! 1949ರಿಂದ ನಡೆಯುತ್ತಿದೆ, ಇದುವರೆಗೆ ಒಬ್ಬರೂ ಕೆಲಸ ಕಳೆದುಕೊಂಡಿಲ್ಲ.

ಉತ್ತರ 3: ನನಗೆ ಜರ್ಮನಿಯ ಸಂವಿಧಾನ ಕೋರ್ಟೇ ಜಾಸ್ತಿ ಇಷ್ಟ. 12 ವರ್ಷ, ಒಂದೇ ಸಲ. ಆಯ್ಕೆಗೆ ಸಂಸತ್ತಿನಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, ಹಾಗಾಗಿ ವಿರೋಧ ಪಕ್ಷದವರ ಮನೆ ಬಾಗಿಲಿಗೂ ಹೋಗಲೇಬೇಕು.